ಅಪಘಾತದ ಆಘಾತ ಮಾಸಲು ಯೋಗ, ಉಸಿರಾಟದ ಅಭ್ಯಾಸಗಳು ನೆರವಾಗುತ್ತವೆಯೇ?

ಅಪಘಾತವಾಗಿ ಎರಡು ವರ್ಷ ಕಳೆದರೂ ಲಾರಿಯ ಹಾರ್ನ್ ಕೇಳಿದೊಡನೆ ಎದೆ ಬಿಗಿಯುತ್ತದೆ, ಕೌನ್ಸೆಲಿಂಗ್‌ನಿಂದ ಅರ್ಧ ಮಾತ್ರ ಕಡಿಮೆಯಾಗಿದೆ, ದೇಹದ ಮೂಲಕ ಮಾಡುವ ಅಭ್ಯಾಸಗಳಿಂದ ಪ್ರಯೋಜನವುಂಟೇ ಎಂದು ಕೇಳಿದ್ದೀರಿ. ನನಗಂತೂ ಆಯಿತು, ಆದರೆ ಯಾವ ಆಸನ ಎಂಬುದಕ್ಕಿಂತ, ಅದನ್ನು ಎಲ್ಲಿ ನಿಲ್ಲಿಸಬೇಕೆಂಬ ತೀರ್ಮಾನ ಯಾರ ಕೈಯಲ್ಲಿರುತ್ತದೆ ಎಂಬುದನ್ನು ಮೊದಲು ನೋಡಿ.

ಬೈಕಿನಿಂದ ಬಿದ್ದ ಮೇಲೆ ನಾನು ಸೇರಿದ ಮೊದಲ ತರಗತಿಯಲ್ಲಿ ಶವಾಸನದ ಹೊತ್ತಿಗೆ ದೀಪ ಆರಿಸಿ ಕಣ್ಣು ಮುಚ್ಚಿಸುತ್ತಿದ್ದರು. ಒಂದು ದಿನ ಶಿಕ್ಷಕರು, ಒಳ್ಳೆಯ ಉದ್ದೇಶದಿಂದಲೇ, ತಲೆಯ ಕಡೆಯಿಂದ ಬಂದು ನನ್ನ ಭುಜ ಒತ್ತಿದರು. ಬಿಸಿ ಟಾರಿನ ವಾಸನೆ ಮೂಗಿಗೆ ಬಡಿದಂತಾಯಿತು; ಎದ್ದು ಹೊರಬಂದವನಿಗೆ ಚಪ್ಪಲಿಯ ಉಂಗುಟದೊಳಗೆ ಬೆರಳು ತೂರಿಸಲೂ ಆಗದಷ್ಟು ಕಾಲು ನಡುಗುತ್ತಿತ್ತು.

ಆಮೇಲೆ ಮನಶ್ಶಾಸ್ತ್ರಜ್ಞೆಯೊಬ್ಬರು ಹೇಳಿಕೊಟ್ಟದ್ದು ತೀರ ಸರಳ: ಕಣ್ಣು ತೆರೆದೇ ಬೆನ್ನನ್ನು ಗೋಡೆಗಾನಿಸಿ ಕುಳಿತು, ಅಂಗಾಲನ್ನು ಮನೆಯ ಕಾವಿ ನೆಲಕ್ಕೆ ಒತ್ತಿ, ತಂಪು ಹಿಮ್ಮಡಿಗೆ ಮೊದಲು ತಾಗುತ್ತದೋ ಬೆರಳಿಗೋ ಎಂದು ಗಮನಿಸುವುದು, ಬಳಿಕ ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಉಸಿರು ಬಿಡುವುದು. ಉಸಿರು ಬಿಡುವಾಗ, ಮಿದುಳಿನಿಂದ ಹೃದಯಕ್ಕೆ ಹೋಗುವ ವೇಗಸ್ ನರದ ಹಿಡಿತ ಹೆಚ್ಚಿ ಎದೆಬಡಿತ ತುಸು ಇಳಿಯುತ್ತದೆ. ಭ್ರಾಮರಿ ಪ್ರಾಣಾಯಾಮದ ಝೇಂಕಾರದಲ್ಲಿ ಉಸಿರು ತಾನಾಗಿ ಉದ್ದವಾಗುವುದರಿಂದ ನನಗೆ ಅದೇ ಒಗ್ಗಿತು (ಕಿವಿ ಮುಚ್ಚಿಕೊಳ್ಳುವುದನ್ನು ಬಿಟ್ಟೆ). ಎರಡೇ ನಿಮಿಷಕ್ಕೆ ಸಾಕೆನಿಸಿದರೆ ನಿಲ್ಲಿಸಿ, ಅದೂ ಅಭ್ಯಾಸವೇ ಎಂದಿದ್ದರು. ಅಪಘಾತದ ಕ್ಷಣದಲ್ಲಿ ನನ್ನಿಂದ ಏನನ್ನೂ ನಿಲ್ಲಿಸಲಾಗಿರಲಿಲ್ಲವಲ್ಲ, ಆ ಮಾತಿನ ಬೆಲೆ ಆಗ ತಿಳಿಯಿತು.

ಅಮೆರಿಕದಲ್ಲಿ ಡೇವಿಡ್ ಎಮರ್ಸನ್ ಆಘಾತಕ್ಕೊಳಗಾದವರಿಗಾಗಿ ರೂಪಿಸಿದ ಟ್ರಾಮಾ ಸೆನ್ಸಿಟಿವ್ ಯೋಗದಲ್ಲೂ ಆಜ್ಞೆಯಿಲ್ಲ, 'ಬೇಕಿದ್ದರೆ ಕೈ ಎತ್ತಬಹುದು' ಎಂಬ ಧಾಟಿ. ಮನೋವೈದ್ಯ ಬೆಸೆಲ್ ವ್ಯಾನ್ ಡರ್ ಕೋಲ್ಕ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇರೆ ಚಿಕಿತ್ಸೆಗೆ ಜಗ್ಗದ ಪಿಟಿಎಸ್‌ಡಿ (ಆಘಾತದ ಬಳಿಕ ಉಳಿಯುವ ಮಾನಸಿಕ ಒತ್ತಡದ ಕಾಯಿಲೆ) ಇದ್ದ 64 ಮಹಿಳೆಯರಿದ್ದರು. 10 ವಾರಗಳ ಬಳಿಕ, ಲೆಕ್ಕಕ್ಕೆ ಸಿಕ್ಕವರ ಪೈಕಿ, ಯೋಗದ ಗುಂಪಿನ 31 ಮಂದಿಯಲ್ಲಿ 16 ಮಂದಿ ಪಿಟಿಎಸ್‌ಡಿಯ ಮಾನದಂಡದಿಂದ ಹೊರಬಂದಿದ್ದರು. ಆರೋಗ್ಯ ಶಿಕ್ಷಣವಷ್ಟೇ ಪಡೆದ 29 ಮಂದಿಯಲ್ಲಿ 6 ಮಂದಿ. ಅಧ್ಯಯನ ಚಿಕ್ಕದು, ಮಹಿಳೆಯರಿಗೆ ಸೀಮಿತವಾದದ್ದು. ರಸ್ತೆಯಲ್ಲಿ ಬಿದ್ದ ನಮ್ಮಂಥವರಿಗೆ ಅದನ್ನು ಹಾಗೇ ಅನ್ವಯಿಸುವಂತಿಲ್ಲ.

ಎರಡು ದಿನದ ಶಿಬಿರದಲ್ಲಿ ಹುದುಗಿದ ನೋವನ್ನೆಲ್ಲ ಹೊರಹಾಕಿಸುತ್ತೇವೆ ಎನ್ನುವವರಿಂದ ದೂರವಿರಿ. ರಭಸದ ಉಸಿರಾಟ ಸದ್ಯಕ್ಕೆ ಬೇಡ, ಅದರಿಂದಲೇ ಎದೆ ಹೊಡೆದುಕೊಂಡು ಹಳೆಯ ಭಯ ಮರಳಬಹುದು. ಕೌನ್ಸೆಲಿಂಗ್ ನಿಲ್ಲಿಸಬೇಡಿ, ನಡುರಾತ್ರಿ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ತರಗತಿಗೆ ಸೇರುವ ಮುನ್ನ ಶಿಕ್ಷಕರನ್ನು ಕೇಳಿ: ಕೇಳದೆ ಮೈ ಮುಟ್ಟುತ್ತೀರಾ, ನಡುವೆ ಎದ್ದು ಹೋದರೆ ಬೇಸರವೇ?