ಪ್ರತಿಕ್ರಿಯೆ: ಕುಮಾರ ಪರ್ವತ ಇಳಿಯುವಾಗ ಮಂಡಿ ನೋವು

ಹತ್ತುವಾಗ ಇಲ್ಲದ ನೋವು ಕುಕ್ಕೆಯ ಕಡೆ ಇಳಿಯುವಾಗ ಮಂಡಿಚಿಪ್ಪಿನ ಸುತ್ತ ಶುರುವಾಯಿತು, ಏನು ಮಾಡಲಿ ಎಂದು ಕೇಳಿದ್ದೀರಿ. ಬಹುಮಟ್ಟಿಗೆ ತೊಡೆಯ ಮುಂಭಾಗದ ಸ್ನಾಯು ದಣಿದಿದೆ. ಇಳಿಜಾರಿನಲ್ಲಿ ಪ್ರತಿ ಹೆಜ್ಜೆಗೂ ಮೈಭಾರವನ್ನು ತಡೆದು ಹಿಡಿಯುವುದು ಅದೇ. ಅದು ಸೋತರೆ ಹೊರೆಯೆಲ್ಲ ಮಂಡಿಗೆ. ಪರ್ವತದ ತುದಿ 1712 ಮೀಟರ್, ಕುಕ್ಕೆ ಕುಮಾರಧಾರೆಯ ಕಣಿವೆಯಲ್ಲಿದೆ. ಒಂದೇ ದಿನದಲ್ಲಿ ಅಷ್ಟು ಇಳಿಯುವುದು ಸಣ್ಣ ಮಾತಲ್ಲ.

ಮೊದಲು ನೋವು ಪೂರ್ತಿ ಕಡಿಮೆಯಾಗಲಿ. ಬಳಿಕ ಐದಾರು ವಾರ, ದಿನ ಬಿಟ್ಟು ದಿನ, ಮೆಟ್ಟಿಲ ಮೇಲೆ ಒಂಟಿ ಕಾಲಲ್ಲಿ ನಿಂತು ಇನ್ನೊಂದು ಕಾಲನ್ನು ಬಹಳ ನಿಧಾನವಾಗಿ ಕೆಳಗಿನ ಮೆಟ್ಟಿಲಿಗೆ ತಾಗಿಸಿ, ಮತ್ತೆ ಮೇಲೆತ್ತಿ. ಪ್ರತಿ ಕಾಲಿಗೆ ಹತ್ತು ಸಲದಿಂದ ಆರಂಭಿಸಿ. ನನ್ನ ಮಂಡಿ ಸುಧಾರಿಸಿದ್ದು ಇದರಿಂದಲೇ. ಮಂಡಿಪಟ್ಟಿಯಿಂದ ಅಷ್ಟೇನೂ ಆಗಲಿಲ್ಲ.

ಮುಂದಿನ ಸಲ ಉದ್ದ ಹೊಂದಿಸಬಹುದಾದ ಎರಡು ಊರುಗೋಲು ಒಯ್ಯಿರಿ, ಇಳಿಯುವಾಗ ಅವನ್ನು ತುಸು ಉದ್ದ ಮಾಡಿಕೊಳ್ಳಿ. ಚೀಲ ಹಗುರವಾಗಿರಲಿ, ಹೆಜ್ಜೆ ಚಿಕ್ಕದಾಗಿರಲಿ. ಕುಕ್ಕೆಯ ದಾರಿಯ ನಡುವೆ ಸಿಗುವ ಭಟ್ಟರ ಮನೆಯ ಬಳಿ ಕಾಲು ಗಂಟೆ ಖಂಡಿತ ಕುಳಿತುಕೊಳ್ಳಿ: ಅಲ್ಲಿಂದ ಕೆಳಗೆ ಕಾಡಿನ ಬೇರು, ಕಲ್ಲುಗಳ ದಾರಿ, ದಣಿದ ಕಾಲು ಎಡವುವುದು ಅಲ್ಲೇ.

ಇದು ನನ್ನ ಊಹೆ ಮಾತ್ರ. ಊತವಿದ್ದರೆ, ಮಂಡಿ ಸಿಕ್ಕಿಹಾಕಿಕೊಂಡಂತಾದರೆ ಅಥವಾ ಸಮತಟ್ಟಾದ ನೆಲದಲ್ಲೂ ನೋಯುತ್ತಿದ್ದರೆ ವ್ಯಾಯಾಮ ಬಿಟ್ಟು ಮೂಳೆ ವೈದ್ಯರಿಗೆ ತೋರಿಸಿ.