ಆಟಿಸಂ ಇರುವ ಮಗನ ಜೊತೆ ಮನೆಯಲ್ಲಿ ಇಂಗ್ಲಿಷ್ ಒಂದೇ ಮಾತಾಡಬೇಕಾ?

ಅಣ್ಣಾವ್ರೇ, ನಮಸ್ಕಾರ. ನೀವು ಬರೆದದ್ದು ಇಷ್ಟು: ಇರುವುದು ಬೆಳಗಾವಿಯಲ್ಲಿ. ಮಗನಿಗೆ ಮೂರೂವರೆ ವರ್ಷ, ಆಟಿಸಂ ಅಂತ ಗೊತ್ತಾಗಿ ನಾಲ್ಕು ತಿಂಗಳು. ನಿಮ್ಮ ಮಾತು ಕನ್ನಡ, ನಿಮ್ಮ ಮನೆಯವರದು ಮರಾಠಿ. ಎರಡು ಭಾಷೆ ಕೇಳಿ ಮಗು ಗಲಿಬಿಲಿ ಆಗಿದೆ, ಹೇಗೂ ಶಾಲೆ ಇಂಗ್ಲಿಷ್‌ನದು, ಇನ್ನು ಮನೆಯಲ್ಲೂ ಇಂಗ್ಲಿಷ್ ಒಂದೇ ಇರಲಿ ಅಂತ ಥೆರಪಿ ಸೆಂಟರ್‌ನಲ್ಲಿ ಹೇಳಿದ್ದಾರೆ. ಇಂಗ್ಲಿಷ್ ಸರಿಯಾಗಿ ಬರದ ವೈನಿ, ಅಂದರೆ ನಿಮ್ಮ ಹೆಂಡತಿ, ಆವತ್ತಿನಿಂದ ಮಗನ ಜೊತೆ ಮಾತೇ ನಿಲ್ಲಿಸಿದ್ದಾರೆ. ಏನು ಮಾಡಲಿ ಅಂತ ಕೇಳಿದ್ದೀರಿ.

ವೈನಿಗೆ ಇವತ್ತೇ ಹೇಳಿ, ಮರಾಠಿ ಶುರು ಮಾಡಲಿ. ನೀವೂ ಕನ್ನಡ ಬಿಡಬೇಡಿ.

ನಾನು ಥೆರಪಿಸ್ಟ್ ಅಲ್ಲ, ತಾಯಿ. ನನ್ನ ಮಗನಿಗೆ ಈಗ ಒಂಬತ್ತು ವರ್ಷ. ನಿಮಗೆ ಸಿಕ್ಕ ಸಲಹೆಯೇ ನಮಗೂ ಸಿಕ್ಕಿತ್ತು, ಅದನ್ನು ಏಳು ತಿಂಗಳು ಪಾಲಿಸಿ ಕೆಟ್ಟಿದ್ದೇವೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ನಮ್ಮ ಮನೆ ವಡಗಾವಿಯಲ್ಲಿ. ಕೆಳಗೆ ಮಗ್ಗ, ಮೇಲೆ ಮನೆ. ಮಗನನ್ನು ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ಪವರ್‌ಲೂಮ್ ಸದ್ದಿಗೆ ಕಿವಿ ಹೋಗಿರಬೇಕು ಅಂದುಕೊಂಡೆವು. ಆದರೆ ಒಳಗಿನ ಕೋಣೆಯಲ್ಲಿ ಚಿಪ್ಸ್ ಪಾಕೀಟಿನ ಸಪ್ಪಳ ಆದರೆ ಸಾಕು, ಓಡಿ ಬರುತ್ತಿದ್ದ! ಆದರೂ ಬೆರಾ ಪರೀಕ್ಷೆ ಮಾಡಿಸಿದೆವು. ಮಗು ಮಲಗಿದ್ದಾಗ ತಲೆಗೆ ವೈರ್ ಅಂಟಿಸಿ ಕಿವಿ ಕೇಳುತ್ತದೋ ಇಲ್ಲವೋ ನೋಡುತ್ತಾರಲ್ಲ, ಅದು. ಕಿವಿ ಸರಿ ಇತ್ತು. ನೀವು ಇನ್ನೂ ಮಾಡಿಸಿಲ್ಲ ಅಂದರೆ ಮೊದಲು ಅದನ್ನು ಮಾಡಿಸಿ, ಉಳಿದದ್ದು ಆಮೇಲೆ.

ಅಷ್ಟರಲ್ಲಿ ಮನೆಯವರ ಔಷಧಿ ನಡೆದಿತ್ತು. ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸಿದ್ದಾಯಿತು. ನಾಲಿಗೆ ಕೆಳಗಿನ ನರ ಬಿಗಿ ಇದೆ, ಕತ್ತರಿಸಿ ಅಂದವರಿದ್ದರು. "ಅವರ ಅಜ್ಜನೂ ಲಗೂನ ಮಾತಾಡಿರಲಿಲ್ಲ, ಬಿಡವಾ" ಅಂದವರಂತೂ ಲೆಕ್ಕವಿಲ್ಲ. ತೊಂದರೆ ನಾಲಿಗೆಯಲ್ಲಿ ಇರಲಿಲ್ಲ. ಮಾತು ಅಂದರೆ ಇನ್ನೊಬ್ಬರಿಗೆ ಏನೋ ಮುಟ್ಟಿಸುವುದು ಅಲ್ವಾ? ಅದೇ ಅವನಿಗೆ ಕಷ್ಟವಿತ್ತು. ಬೇಕಾದ್ದನ್ನು ಬೆರಳು ಮಾಡಿ ತೋರಿಸುವುದೂ ಅವನಿಗೆ ಗೊತ್ತಿರಲಿಲ್ಲ. ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ ಫ್ರಿಜ್ ಮುಂದೆ ನಿಲ್ಲಿಸುತ್ತಿದ್ದ.

ಆಮೇಲೆ ಒಂದು ಸೆಂಟರ್‌ಗೆ ಸೇರಿಸಿದೆವು. ವಾರಕ್ಕೆ ಎರಡು ಸಲ, ಒಂದೊಂದು ಸಲಕ್ಕೆ 45 ನಿಮಿಷ. ಅದರಲ್ಲಿ ಹತ್ತು ನಿಮಿಷ ಅಳುವುದಕ್ಕೇ ಹೋಗುತ್ತಿತ್ತು. ನಾವು ಹೊರಗೆ ಬೆಂಚಿನ ಮೇಲೆ. ಒಳಗೆ ಇಂಗ್ಲಿಷ್ ಕಾರ್ಡುಗಳು: ಆಪಲ್, ಸ್ಟ್ರಾಬೆರಿ, ಫೈರ್ ಇಂಜಿನ್. ಏಳು ತಿಂಗಳಲ್ಲಿ ಐವತ್ತು ಚಿತ್ರಗಳ ಹೆಸರು ಕಲಿತ. ಮನೆಗೆ ಬಂದು ಹಸಿವಾದರೆ ಮಾತ್ರ ಮೊದಲಿನ ಹಾಗೇ ನೆಲಕ್ಕೆ ಹಣೆ ಬಡಿದುಕೊಳ್ಳುತ್ತಿದ್ದ. ಹೆಸರು ಹೇಳುವುದು ಬೇರೆ, ಬೇಕಾದ್ದನ್ನು ಕೇಳಿ ಪಡೆಯುವುದು ಬೇರೆ ಅಂತ ನಮಗೆ ಆಗ ಯಾರೂ ಹೇಳಿರಲಿಲ್ಲ.

ಇದರ ಜೊತೆಗೆ ಇಂಗ್ಲಿಷ್ ಕಟ್ಟಪ್ಪಣೆ. ನಮ್ಮ ಅತ್ತೆ ಚಂದಗಡ ಕಡೆಯವರು, ಅವರ ಬಾಯಲ್ಲಿ ಮರಾಠಿಯೇ. ಮೊಮ್ಮಗನಿಗೆ ಊಟ ಮಾಡಿಸುವಾಗ ಏನೇನೋ ಹಾಡುತ್ತಿದ್ದರು, ಸುಮ್ಮನಾದರು. ನಾನು ಬೈಲಹೊಂಗಲದವಳು. "ಕಮ್", "ಸಿಟ್", "ಈಟ್" ಬಿಟ್ಟರೆ ನನ್ನ ಇಂಗ್ಲಿಷ್ ಮುಗಿಯುತ್ತಿತ್ತು. ಮಾತು ಕಲಿಯಲಿ ಅಂತ ಮಾತೇ ಇಲ್ಲದ ಮನೆ ಮಾಡಿಟ್ಟೆವು. ಇವತ್ತಿಗೂ ನೆನೆಸಿಕೊಂಡರೆ ಸಿಟ್ಟು ಬರುತ್ತದೆ, ಹೆಚ್ಚಾಗಿ ನನ್ನ ಮೇಲೆ.

ಕೊನೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋದೆವು. ಮಾನಸಗಂಗೋತ್ರಿಯಲ್ಲಿ ಇದೆ, ಕೇಂದ್ರ ಸರ್ಕಾರದ್ದು. ಅಲ್ಲಿ ಮಗನನ್ನು ನೋಡಿದವರು ನನ್ನನ್ನು ಮೊದಲು ಕೇಳಿದ್ದು, ನೀವು ಅವನನ್ನು ಮುದ್ದು ಮಾಡುವಾಗ ಯಾವ ಭಾಷೆಯಲ್ಲಿ ಮಾತಾಡುತ್ತೀರಿ ಅಂತ. ನನಗೆ ಅಳು ಬಂತು. ಯಾವ ಭಾಷೆ ಸರಾಗವಾಗಿ ಬರುತ್ತದೋ ಅದರಲ್ಲೇ ಮಾತಾಡಿ, ಅಜ್ಜಿ ಅಜ್ಜಿಯ ಭಾಷೆಯಲ್ಲೇ ಆಡಲಿ ಅಂದರು.

ಇದು ಬರೀ ಒಬ್ಬರ ಅಭಿಪ್ರಾಯ ಅಲ್ಲ. ಕೆನಡಾದಲ್ಲಿ 2012ರ ಹೊತ್ತಿಗೆ, ಚೀನೀ ಮತ್ತು ಇಂಗ್ಲಿಷ್ ಎರಡೂ ಕೇಳಿ ಬೆಳೆದ ಆಟಿಸಂ ಮಕ್ಕಳನ್ನು ಇಂಗ್ಲಿಷ್ ಒಂದೇ ಕೇಳಿದ ಆಟಿಸಂ ಮಕ್ಕಳ ಪಕ್ಕ ಇಟ್ಟು ನೋಡಿದ್ದಾರೆ. ಎರಡು ಭಾಷೆಯ ಮಕ್ಕಳು ಹಿಂದೆ ಬಿದ್ದಿರಲಿಲ್ಲ. ಬೇರೆ ಭಾಷೆಗಳ ಮನೆಗಳಲ್ಲಿ ನೋಡಿದಾಗಲೂ ಇದೇ ಕಂಡಿದೆ. ಮಾತು ತಡವಾಗುವುದು ಆಟಿಸಂನಿಂದ. ಮನೆಯ ಎರಡನೇ ಭಾಷೆಯಿಂದ ಅಲ್ಲ.

ಒಂದು ಮಾತು ನಿಮ್ಮನ್ನು ದಾರಿ ತಪ್ಪಿಸಬಹುದು. ಹೀಗಿರುವ ಎಷ್ಟೋ ಮಕ್ಕಳು ಯೂಟ್ಯೂಬ್ ನೋಡಿ ಇಂಗ್ಲಿಷ್ ರೈಮ್ಸ್, ಎ ಬಿ ಸಿ ಡಿ, ನೂರರವರೆಗೆ ಅಂಕಿ ಎಲ್ಲ ಹೇಳುತ್ತವೆ. ಆಗ ನೆಂಟರು "ನೋಡ್ರಿ, ಅವಂಗ ಇಂಗ್ಲಿಷೇ ಛಲೋ ಬರ್ತದ" ಅನ್ನುತ್ತಾರೆ. ನನ್ನವನೂ ಹೇಳುತ್ತಿದ್ದ, ಆದರೆ ಬೇಕಾದ್ದನ್ನು ಕೇಳಲು ಆ ಇಂಗ್ಲಿಷ್ ಬರುತ್ತಿರಲಿಲ್ಲ. ನಿಮ್ಮ ಮಗ ಇಂಗ್ಲಿಷ್‌ನಲ್ಲಿ ಏನಾದರೂ ಹೇಳಿದರೆ ತಡೆಯಬೇಡಿ, ನೀವೂ ಸೇರಿಕೊಳ್ಳಿ. ಅದಕ್ಕೋಸ್ಕರ ನಿಮ್ಮ ಭಾಷೆ ಬಿಡಬೇಡಿ, ಅಷ್ಟೇ.

ನಮ್ಮಲ್ಲಿ ನಿಜವಾಗಿ ಬದಲಾಗಬೇಕಾದದ್ದು ಮಾತಾಡುವ ರೀತಿ. ಮೈಸೂರಿನಲ್ಲಿ ನಾನೂ ಮಗನೂ ಆಡುವುದನ್ನು ಐದು ನಿಮಿಷ ಮೊಬೈಲ್‌ನಲ್ಲಿ ವಿಡಿಯೋ ಮಾಡಿ ನನಗೇ ತೋರಿಸಿದರು. ಎಣಿಸಿದೆ. 41 ಪ್ರಶ್ನೆ ಕೇಳಿದ್ದೆ! ಇದೇನು? ಇದು ಯಾವ ಬಣ್ಣ? ಕಾಕಾ ಎಲ್ಲಿ? ಹೇಳು, ಹೇಳು. ಅವನು ಒಂದು ಸಲ ಕಾರಿನ ಚಕ್ರ ತಿರುಗಿಸಿ ನನ್ನ ಮುಖ ನೋಡಿದ್ದ. ನಾನು ಪ್ರಶ್ನೆ ಕೇಳುವ ಗದ್ದಲದಲ್ಲಿ ಗಮನಿಸಿಯೇ ಇರಲಿಲ್ಲ. ಆ ಒಂದು ನೋಟಕ್ಕೆ ನಾನು "ಗಿರ್ ಗಿರ್" ಅಂದಿದ್ದರೆ ಸಾಕಿತ್ತು. ತಂದೆ ತಾಯಿಗೆ ಹೀಗೆ ವಿಡಿಯೋ ತೋರಿಸಿ ಕಲಿಸುವ ಕ್ರಮವನ್ನು ನಮ್ಮ ಪಕ್ಕದ ಗೋವಾದಲ್ಲಿ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ 65 ಮಕ್ಕಳ ಕುಟುಂಬಗಳ ಜೊತೆ ಪರೀಕ್ಷೆ ಮಾಡಿದ್ದಾರೆ. ಫಲಿತಾಂಶ ಬಂದದ್ದು 2016ರಲ್ಲಿ. ಕಲಿಸಿದವರು ದೊಡ್ಡ ತಜ್ಞರೂ ಅಲ್ಲ, ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತರು. ಮಕ್ಕಳು ತಾವಾಗಿಯೇ ತಂದೆ ತಾಯಿಯನ್ನು ಮಾತಿಗೆ, ಆಟಕ್ಕೆ ಕರೆಯುವುದು ಜಾಸ್ತಿಯಾಯಿತು.

ಪ್ರಶ್ನೆ ಕೇಳುವುದರಿಂದ ಇನ್ನೊಂದು ಫಜೀತಿ ಇದೆ. ನಮ್ಮವನು ಬಾಯಾರಿದಾಗ ಲೋಟ ಹಿಡಿದು ಬಂದು "ನೀರ ಬೇಕೇನು?" ಅನ್ನುತ್ತಿದ್ದ. ಮನೆಗೆ ಬಂದವರು "ನಮಗ ನೀರ ಕೇಳ್ತಾನ, ಎಷ್ಟ ಶಾಣ್ಯಾ" ಅಂತ ನಗುತ್ತಿದ್ದರು. ಪಾಪ, ಅವನು ಕೇಳುತ್ತಿದ್ದದ್ದು ತನಗೆ. ನೀರು ಬರುವ ಮುಂಚೆ ಅವನ ಕಿವಿಗೆ ಬೀಳುತ್ತಿದ್ದ ಮಾತೇ ಅದು. ಇದಕ್ಕೆ ಎಕೋಲೇಲಿಯಾ ಅನ್ನುತ್ತಾರೆ. ಗಿಳಿಪಾಠ ಅಂತ ಬೈದು ಬಾಯಿ ಮುಚ್ಚಿಸಬೇಡಿ, ಅದರಲ್ಲಿ ಅರ್ಥ ಇರುತ್ತದೆ. ಕುಕ್ಕರ್ ಸೀಟಿ ಹೊಡೆದರೆ ನನ್ನ ಮಗ "ಸೂಜಿ ಇಲ್ಲ, ಸೂಜಿ ಇಲ್ಲ" ಅಂತ ಕಿವಿ ಮುಚ್ಚಿಕೊಳ್ಳುತ್ತಿದ್ದ. ಆಸ್ಪತ್ರೆಯಲ್ಲಿ ಹೆದರಿದಾಗ ನಾವು ಹೇಳಿದ್ದ ಮಾತು. ಅವನ ಲೆಕ್ಕದಲ್ಲಿ ಅದರ ಅರ್ಥ "ನನಗೆ ಹೆದರಿಕೆ ಆಗ್ತಿದೆ". ಹೀಗಾಗಿ ನಾವು ಕೇಳುವುದು ಬಿಟ್ಟು, ಅವನು ಹೇಳಬೇಕಾದ ಮಾತನ್ನೇ ಹೇಳತೊಡಗಿದೆವು. ಲೋಟ ತಂದರೆ "ನೀರ ಬೇಕು". ಕಿವಿ ಮುಚ್ಚಿದರೆ "ಹೆದರಿಕಿ ಬಂತು". ಹೇಳಿ ಸುಮ್ಮನಿರುವುದು, ಮನಸ್ಸಿನಲ್ಲಿ ಹತ್ತು ಎಣಿಸುವುದು. ಈ ಸುಮ್ಮನಿರುವುದು ಇದೆಯಲ್ಲ, ನನಗೆ ಅದೇ ಎಲ್ಲಕ್ಕಿಂತ ಕಷ್ಟವಾದದ್ದು.

ಕಾರ್ಡುಗಳನ್ನೂ ಬದಲಿಸಿದೆವು. ನಮ್ಮದೇ ಲೋಟ, ರೊಟ್ಟಿ, ಮಜ್ಜಿಗೆ, ಅವನ ಚಪ್ಪಲಿ, ಅಜ್ಜಿಯ ಮಂಚ, ಇವುಗಳ ಫೋಟೋ ತೆಗೆದು ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ ಲ್ಯಾಮಿನೇಷನ್ ಮಾಡಿಸಿದೆ. ಬೇಕಾದ ವಸ್ತುವಿನ ಚಿತ್ರ ತಂದು ಕೈಗೆ ಕೊಟ್ಟರೆ ವಸ್ತು ಸಿಗುತ್ತದೆ. ಇದು ಪೆಕ್ಸ್ ಅನ್ನುವ ಪದ್ಧತಿ, ಅಮೆರಿಕದಲ್ಲಿ 1985ರಲ್ಲಿ ಶುರುವಾದದ್ದು. ಮೊದಮೊದಲು ಇಬ್ಬರು ಬೇಕು. ಎದುರಿಗೆ ನಾನು ರೊಟ್ಟಿ ಹಿಡಿದು ಕೂರುತ್ತಿದ್ದೆ, ಹಿಂದಿನಿಂದ ನನ್ನ ಗಂಡ ಏನೂ ಮಾತಾಡದೆ ಅವನ ಕೈ ಹಿಡಿದು ಚಿತ್ರ ಕೊಡಿಸುತ್ತಿದ್ದರು. "ಚಿತ್ರ ತೋರಿಸಿದರೆ ಮಾತು ಬರೋದೇ ಇಲ್ಲ" ಅಂತ ಎಲ್ಲರೂ ಹೆದರಿಸಿದರು. ಹಾಗಾಗುವುದಿಲ್ಲ ಅಂತ ಸಂಶೋಧನೆಗಳೂ ಹೇಳುತ್ತವೆ, ನಾನೂ ಕಂಡಿದ್ದೇನೆ. ನೆಲಕ್ಕೆ ಹಣೆ ಬಡಿಯುವುದು ಮೂರು ವಾರದಲ್ಲಿ ಅರ್ಧ ಆಯಿತು. ಮೊಬೈಲ್‌ನಲ್ಲಿ ಬೇಕಾದರೆ ಐಐಟಿ ಬಾಂಬೆಯವರು ಮಾಡಿದ ಜೆಲ್ಲೋ ಅನ್ನುವ ಚಿತ್ರದ ಆ್ಯಪ್ ಇದೆ, ಅದರಲ್ಲಿ ಮರಾಠಿಯೂ ಇದೆ. ಒಂದೇ ಒಂದು ಎಚ್ಚರ: ಮಗುವಿನ ಕೈಯನ್ನು ದೊಡ್ಡವರು ಹಿಡಿದು ಅಕ್ಷರ ಮುಟ್ಟಿಸುತ್ತಾ "ನೋಡಿ, ಮಗುವೇ ಬರೀತಿದೆ" ಅನ್ನುವವರಿಂದ ದೂರ ಇರಿ. ಬರೆಯುತ್ತಿರುವುದು ಆ ದೊಡ್ಡವರು.

ನನ್ನ ಮಗ ನಾಲ್ಕೂವರೆ ವರ್ಷಕ್ಕೆ, ಯಾರೂ ಹೇಳಿಕೊಡದೆ, ಬೇಕಾಗಿ ಬಳಸಿದ ಮೊದಲ ಮಾತು ಏನು ಗೊತ್ತಾ? "ನಕೋ." ಅಜ್ಜಿ ಇನ್ನೊಂದು ತುತ್ತು ಹಿಡಿದಿದ್ದರು, ತಟ್ಟೆ ದೂಡಿ ಅಂದ. ಸೆಂಟರ್‌ನಲ್ಲಿ ತಿಂಗಳುಗಟ್ಟಲೆ "ನೋ" ಹೇಳಿಸಿದ್ದರು! ಇವತ್ತಿಗೂ ಅವನಿಗೆ ಬೇಡ ಅನ್ನುವುದು ಮರಾಠಿಯಲ್ಲಿ, ಬೇಕು ಅನ್ನುವುದು ಕನ್ನಡದಲ್ಲಿ. ಬೆಳಗಾವಿಯ ಹುಡುಗ, ಇನ್ನು ಹೇಗೆ ಮಾತಾಡಿಯಾನು?

ಈಗ ಮೂರು ನಾಲ್ಕು ಪದದ ವಾಕ್ಯ ಆಡುತ್ತಾನೆ. ಹೊಸ ಜಾಗಕ್ಕೆ ಹೋದರೆ ಮಾತು ನಿಂತುಬಿಡುತ್ತದೆ, ಆಗ ಚಿತ್ರದ ಹಲಗೆಯೇ ಗತಿ. ಎಲ್ಲ ಮಕ್ಕಳಿಗೂ ಹೀಗೇ ಆಗುತ್ತದೆ ಅಂತ ಹೇಳಲಾರೆ. ಆರು ತಿಂಗಳಲ್ಲಿ ಮಾತು ಬರಿಸುತ್ತೇವೆ ಅಂತ ಗ್ಯಾರಂಟಿ ಕೊಡುವವರನ್ನು ಮಾತ್ರ ನಂಬಬೇಡಿ.

ಕಾಗದಪತ್ರದ ಮಾತು ಬೇಗ ಮುಗಿಸುತ್ತೇನೆ. ಥೆರಪಿಸ್ಟ್‌ಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇದೆಯಾ ಕೇಳಿ, ಕೇಳಲು ಸಂಕೋಚ ಬೇಡ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ, ಅಂಗವಿಕಲರ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡ್ ಮಾಡಿಸಿ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ 1 ಲಕ್ಷ ರೂಪಾಯಿವರೆಗೆ ಇದೆ, ಥೆರಪಿ ಖರ್ಚಿಗೂ ಒಂದಿಷ್ಟು ಸಿಗುತ್ತದೆ. ಜಿಲ್ಲಾ ಆಸ್ಪತ್ರೆಯಲ್ಲಿ ಡಿಇಐಸಿ ಎಲ್ಲಿದೆ ಅಂತ ವಿಚಾರಿಸಿ. ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ನೋಡಲೆಂದೇ ಸರ್ಕಾರ ಮಾಡಿರುವ ಕೇಂದ್ರ ಅದು, ದುಡ್ಡು ಕೊಡಬೇಕಿಲ್ಲ.

ಈಗಿನ ಸೆಂಟರ್ ಬಿಡಲೇಬೇಕು ಅಂತಲ್ಲ. ಮುಂದಿನ ಸಲ ಹೋಗುವಾಗ ಮಗನಿಗೆ ದಿನಾ ಬೇಕಾಗುವ ಹತ್ತು ಪದ ಬರೆದುಕೊಂಡು ಹೋಗಿ, ಕನ್ನಡದ್ದು ಐದು, ಮರಾಠಿಯದ್ದು ಐದು. ಇವನ್ನೇ ಕಲಿಸಿ ಅನ್ನಿ. ಅವರಿಗೆ ಮರಾಠಿ ಬರದಿದ್ದರೆ ವೈನಿಯನ್ನೇ ಒಳಗೆ ಕೂರಿಸಿಕೊಳ್ಳಲಿ. ಒಪ್ಪದಿದ್ದರೆ ಆಮೇಲೆ ಬೇರೆ ಕಡೆ ನೋಡಿ. ಹೊರಗಿನ ಬೆಂಚಿನ ಮೇಲೆ ಮಾತ್ರ ಕೂರಬೇಡಿ.