ಮಾಮೂಲಿ ಜ್ವರವೋ, ಮೆನಿಂಜೈಟಿಸೋ? ಗುರುತಿಸುವುದು ಹೇಗೆ?

ಜ್ವರ, ತಲೆನೋವು ಬಂದಾಗ ಮೆನಿಂಜೈಟಿಸ್ ಅಂತ ಯಾವಾಗ ಅನುಮಾನ ಪಡಬೇಕು ಎಂದು ಕೇಳಿದ್ದೀರಿ. ಇದು ಮೆದುಳು, ಬೆನ್ನುಹುರಿಯ ಹೊದಿಕೆಗೆ ಬರುವ ಉರಿಯೂತ. ಜ್ವರದ ಜೊತೆ ಜೋರು ತಲೆನೋವು, ವಾಂತಿ ಇದ್ದು, ಗಲ್ಲವನ್ನು ಎದೆಗೆ ತಾಗಿಸಲು ಹೋದರೆ ಕುತ್ತಿಗೆ ಬಗ್ಗದೆ ಸೆಟೆದುಕೊಂಡರೆ ಹುಷಾರು. ಬೆಳಕು ನೋಡಲಾಗದಿರುವುದು, ತಪ್ಪು ತಪ್ಪು ಮಾತು, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್ ಕೂಡ ಲಕ್ಷಣಗಳೇ. ಎಲ್ಲವೂ ಒಟ್ಟಿಗೆ ಬರಬೇಕೆಂದಿಲ್ಲ.

ಹಸುಗೂಸಿನ ಕುತ್ತಿಗೆ ಬಿಗಿಯದೇ ಇರಬಹುದು. ಹಾಲು ಕುಡಿಯುವುದಿಲ್ಲ, ಎತ್ತಿಕೊಂಡರೆ ಇನ್ನೂ ಜಾಸ್ತಿ ಕಿರುಚಿ ಅಳುತ್ತದೆ, ನೆತ್ತಿಯ ಮೆತ್ತನೆ ಜಾಗ ಉಬ್ಬಿರುತ್ತದೆ. ಮೈಮೇಲೆ ಕೆಂಪು, ನೇರಳೆ ಚುಕ್ಕೆಗಳಿದ್ದರೆ ಗಾಜಿನ ಲೋಟ ಒತ್ತಿ ನೋಡಿ. ಒತ್ತಿದರೂ ಮಾಸದಿದ್ದರೆ ಕೂಡಲೇ ಹೊರಡಿ. ಕಪ್ಪು ಮೈಬಣ್ಣದವರಲ್ಲಿ ಅಂಗೈ, ಅಂಗಾಲು ನೋಡಬೇಕು. ಚುಕ್ಕೆ ಇಲ್ಲ ಅಂತ ಸುಮ್ನೆ ಕೂರುವಂತಿಲ್ಲ.

ನಮ್ಮ ಕಾಸರಗೋಡಿನ ಕಡೆ ಮಕ್ಕಳು ಕೆರೆಗೆ ಹಾರುವುದು ಇದ್ದದ್ದೇ ಅಲ್ವಾ? ಹಾಗೆ ಈಜಿದ್ದರೆ ಡಾಕ್ಟರಿಗೆ ತಪ್ಪದೆ ಹೇಳಿ. ಮೂಗಿನಿಂದ ಮೆದುಳಿಗೇರುವ ಅಮೀಬಾ ಸೋಂಕು ಕೇರಳದಲ್ಲಿ ಕಂಡುಬಂದಿದೆ, ಅದರ ಔಷಧಿಯೇ ಬೇರೆ. ಬೆಳಗಾಗಲಿ, ಮಂಗಳೂರಿಗೇ ಹೋಗೋಣ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ.